ಕಂಪ್ರೆಷನ್ ಗೇಜ್, ಮೂರು ವರ್ಷ ಬಳಸಿದ ಮೇಲೆ

ನನ್ನದು ಹಳೇ ಎರಡು ಸಿಲಿಂಡರ್ ಟೂ ಸ್ಟ್ರೋಕ್ ಔಟ್‌ಬೋರ್ಡ್ (ದೋಣಿಯ ಹಿಂದೆ ಕೂರಿಸೋ ಇಂಜಿನ್), ಐಡಲ್‌ನಲ್ಲಿ ನಡುಗೋದು, ದೋಣಿಗೆ ಭಾರ ಬಿದ್ರೆ ಎಳೀತಾನೇ ಇರ್ಲಿಲ್ಲ, ಕಾರ್ಬುರೇಟರ್ ಎರಡು ಸಲ ಬಿಚ್ಚಿ ತೊಳೆದೆ, ಪ್ಲಗ್ ಹೊಸದು ಹಾಕ್ದೆ, ಏನೂ ಬದಲಾಗ್ಲಿಲ್ಲ. ಆಗ ತಗೊಂಡಿದ್ದು ಸಿಲಿಂಡರ್ ಒಳಗೆ ಎಷ್ಟು ಒತ್ತಡ ಬರುತ್ತೆ ಅಂತ ಅಳೆಯೋ ಈ ಸ್ಕ್ರೂ ಟೈಪ್ ಗೇಜ್. ಮೊದಲಿದ್ದ ರಬ್ಬರ್ ತುದಿಯದನ್ನ ಒಂದು ಕೈಲಿ ಒತ್ತಿ ಹಿಡಿದು ಇನ್ನೊಂದು ಕೈಲಿ ಹಗ್ಗ ಎಳೆಯೋದ್ರಲ್ಲಿ ಗಾಳಿ ಸೋರಿ ಪ್ರತಿ ಸಲ ಬೇರೆ ನಂಬರ್ ಬರೋದು. ಇದನ್ನ ಪ್ಲಗ್ ತೂತಿಗೆ ತಿರುಗಿಸಿ ಕೂರಿಸಿದ್ರೆ ಎರಡೂ ಕೈ ಖಾಲಿ.

ಮೊದಲ ಟೆಸ್ಟಲ್ಲೇ ಮೇಲಿನ ಸಿಲಿಂಡರ್ 110 ಪಿಎಸ್‌ಐ (ಒತ್ತಡದ ಅಳತೆ), ಕೆಳಗಿಂದು 70. ಎರಡರ ನಡುವೆ ಶೇ 10-15ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ರೆ ತೊಂದರೆ ಇದೆ ಅಂತಲೇ ಲೆಕ್ಕ. ಆದ್ರೆ ಅಳೆಯೋ ರೀತಿ ಸರಿ ಇರ್ಬೇಕು: ಇಂಜಿನ್ ಬಿಸಿ ಇರ್ಲಿ, ಎರಡೂ ಪ್ಲಗ್ ಬಿಚ್ಚಿ, ಪ್ಲಗ್ ವೈರ್‌ಗಳನ್ನ ಇಂಜಿನ್ ಬಾಡಿಗೆ ಅರ್ತ್ ಮಾಡಿ, ಥ್ರಾಟಲ್ ಪೂರ್ತಿ ತೆರೆದಿಟ್ಟು ಮುಳ್ಳು ಏರೋದು ನಿಲ್ಲೋವರೆಗೂ ಹಗ್ಗ ಎಳೀರಿ. ಥ್ರಾಟಲ್ ಮುಚ್ಚಿದ್ರೆ ಒಳಗೆ ಗಾಳಿನೇ ಹೋಗಲ್ಲ, ಒಳ್ಳೇ ಇಂಜಿನ್ನೂ ಕಡಿಮೆ ತೋರಿಸುತ್ತೆ.

ಆಮೇಲೆ ಕೆಳಗಿನ ಸಿಲಿಂಡರ್‌ಗೆ ಒಂದು ಟೀ ಚಮಚ ಆಯಿಲ್ ಬಿಟ್ಟೆ. ಔಟ್‌ಬೋರ್ಡಲ್ಲಿ ಸಿಲಿಂಡರ್ ಮಲಗಿರೋದ್ರಿಂದ ಆಯಿಲ್ ಒಂದೇ ಪಕ್ಕಕ್ಕೆ ಇಳಿದು ನಿಲ್ಲುತ್ತೆ, ಅದಕ್ಕೆ ಗೇಜ್ ಹಾಕೋ ಮುಂಚೆ ಫ್ಲೈವೀಲನ್ನ ಕೈಯಲ್ಲೇ ನಿಧಾನಕ್ಕೆ ಎರಡು ಮೂರು ಸುತ್ತು ತಿರುಗಿಸಿ. ಮುಳ್ಳು 95ಕ್ಕೆ ಏರ್ತು, ಅಂದ್ರೆ ಪಿಸ್ಟನ್ ಸುತ್ತ ಇರೋ ರಿಂಗ್‌ಗಳ ಸಂದನ್ನ ಆಯಿಲ್ ಮುಚ್ಚಿದೆ, ಸೋರ್ತಿರೋದು ರಿಂಗ್ ಕಡೆಯಿಂದ. ಏರದೇ ಇದ್ದಿದ್ರೆ ಹೆಡ್ ಗ್ಯಾಸ್ಕೆಟ್ (ಸಿಲಿಂಡರ್ ಮುಚ್ಚಳದ ಸೀಲ್) ಮೇಲೆ ಇಲ್ಲಾ ತೂತಾದ ಪಿಸ್ಟನ್ ಮೇಲೆ ಅನುಮಾನ ಪಡ್ತಿದ್ದೆ. ಪಿಸ್ಟನ್ ಬಿಚ್ಚೋ ಮೊದಲು ಕಾರ್ಬನ್ ಕ್ಲೀನರ್ ಹಾಕಿ ರಾತ್ರಿಯಿಡೀ ಬಿಟ್ಟೆ, ಮಸಿಯಲ್ಲಿ ಅಂಟಿದ್ದ ರಿಂಗ್ ಬಿಟ್ಕೊಂಡು ಮಾರನೇ ದಿನ ಓಡಿಸಿ ನೋಡಿದ್ರೆ 105! ಆ ಖುಷಿ ಇವತ್ತಿಗೂ ಇದೆ. ಗೀರು ಬಿದ್ದ ಸಿಲಿಂಡರ್ ಆಗಿದ್ರೆ ಕ್ಲೀನರ್‌ನಿಂದ ಏನೂ ಆಗ್ತಿರ್ಲಿಲ್ಲ.

ಈ ವರ್ಷ ಎರಡೂ ಸಿಲಿಂಡರ್ ಒಟ್ಟಿಗೇ 80ಕ್ಕೆ ಇಳಿದು ಎದೆ ಧಸಕ್ ಅಂತು. ನೋಡಿದ್ರೆ ಗೇಜ್ ತುದಿಯ ಓ ರಿಂಗ್ ಅನ್ನೋ ರಬ್ಬರ್ ಬಳೆ ಒಣಗಿ ಸೀಳಿತ್ತು, ಅದನ್ನ ಬದಲಾಯಿಸಿದ ಕೂಡಲೇ ಹಳೇ ನಂಬರ್ ವಾಪಸ್. ತುದಿಯ ಪುಟ್ಟ ವಾಲ್ವ್ ಹಾಳಾದ್ರೂ ಹಿಂಗೇ, ಆದ್ರೆ ಅಲ್ಲಿಗೆ ಟೈರ್ ವಾಲ್ವ್ ಹಾಕ್ಬೇಡಿ, ಅದರ ಸ್ಪ್ರಿಂಗ್ ಗಟ್ಟಿ, ರೀಡಿಂಗ್ ಕಡಿಮೆ ಬರುತ್ತೆ. ಒಂದೇ ಕೊರತೆ, ಡಯಲ್ 300ರವರೆಗೆ ಇರೋದ್ರಿಂದ ನಮಗೆ ಬೇಕಾದ ಜಾಗದಲ್ಲಿ ಗೆರೆಗಳು ತೀರಾ ಒತ್ತೊತ್ತಾಗಿವೆ, 200ರದ್ದು ಸಿಕ್ಕಿದ್ರೆ ಅದನ್ನೇ ತಗೊಳ್ಳಿ.