‘ಒಳಗೆ ಯಾರೂ ಕೈಯಿಟ್ಟಿಲ್ಲ’ ಎಂದು ಮಾರುವ ಹಳೆಯ ಟ್ಯೂಬ್ ಆಂಪ್‌ಗಳ ಬಗ್ಗೆ ಎಚ್ಚರ

ಅಮೆರಿಕದಿಂದ ತರಿಸಿದ ಹಳೆಯ ಗಿಟಾರ್ ಆಂಪ್‌ಗಳನ್ನು (ಗಾಜಿನ ಟ್ಯೂಬ್‌ಗಳಿಂದ ಗಿಟಾರಿನ ಸದ್ದು ಹೆಚ್ಚಿಸುವ ಆಂಪ್ಲಿಫೈಯರ್‌ಗಳನ್ನು) ‘ಎಲ್ಲವೂ ಒರಿಜಿನಲ್, ಒಳಗೆ ಯಾರೂ ಕೈಯಿಟ್ಟಿಲ್ಲ’ ಎಂದು ಹೊಗಳಿ ಮಾರುವವರು ಬೆಂಗಳೂರಿನಲ್ಲಿದ್ದಾರೆ. ಹಾಗೆ ಕೊಂಡ 1960ರ ದಶಕದ ಫೆಂಡರ್ ಕಂಪನಿಯ ಟ್ವಿನ್ ರಿವರ್ಬ್ ಆಂಪಿನಿಂದ ನನ್ನ ಜೀವಕ್ಕೇ ಸಂಚಕಾರ ಬರುವುದರಲ್ಲಿತ್ತು. ಆ ಹೊಗಳಿಕೆಯೇ ಅಪಾಯದ ಗುರುತು ಎಂಬುದು ಗಿಟಾರ್ ನುಡಿಸುವ ಎಲ್ಲರಿಗೂ ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಆ ಆಂಪಿನ ನಾದದಲ್ಲಿ ಯಾವ ಕೊರತೆಯೂ ಇರಲಿಲ್ಲ. ನಾಲ್ಕು 6ಎಲ್6 ಟ್ಯೂಬ್‌ಗಳು ಕೊಡುವ ಸುಮಾರು 85 ವ್ಯಾಟ್ ಶಕ್ತಿಯಿಂದಾಗಿ, ಎಷ್ಟು ಒತ್ತಿ ಮೀಟಿದರೂ ಸ್ವರ ಒಡೆಯದೆ ತುಂಬಿಕೊಂಡು ಬರುತ್ತದೆ. ಸ್ಪ್ರಿಂಗ್ ಮೂಲಕ ಪ್ರತಿಧ್ವನಿ ಹುಟ್ಟಿಸುವ ‘ಸ್ಪ್ರಿಂಗ್ ರಿವರ್ಬ್’ ಅದಕ್ಕೊಂದು ಆಳವನ್ನು ಸೇರಿಸುತ್ತದೆ. ಟ್ಯೂಬ್‌ಗಳು ತುಸು ಒರಟಾಗಿ ಹಾಡಬೇಕೆಂದರೆ ಮಾತ್ರ ಅಪಾರ್ಟ್‌ಮೆಂಟಿನಲ್ಲಿ ಯಾರೂ ಸಹಿಸಲಾರದಷ್ಟು ವಾಲ್ಯೂಮ್ ಏರಿಸಬೇಕು. ಸುಮಾರು 30 ಕಿಲೋ ತೂಕದ ಪೆಟ್ಟಿಗೆಯನ್ನು ಮೆಟ್ಟಿಲು ಹತ್ತಿಸುವ ಕಷ್ಟ ಬೇರೆ.

ತಾಲೀಮಿನಲ್ಲಿ, ಕೈ ತಂತಿಗಳ ಮೇಲಿರುವಾಗಲೇ ತುಟಿ ಮೈಕಿಗೆ ತಗುಲಿ ತಲೆ ಹಿಂದಕ್ಕೆ ಎಸೆದಂತಾಗುವಷ್ಟು ಶಾಕ್ ಹೊಡೆಯಿತು. ಗೆಳೆಯರೊಬ್ಬರು ಗಿಟಾರಿನ ತಂತಿಗೆ ಟೆಸ್ಟರ್ ಇಟ್ಟು ನೋಡಿದರೆ ಅದರ ದೀಪ ಕೆಂಪಗೆ ಹೊತ್ತಿಕೊಂಡಿತು. 1972ರಲ್ಲಿ ಬ್ರಿಟನ್ನಿನ ಸ್ವಾನ್ಸಿಯಲ್ಲಿ ಗಿಟಾರ್ ವಾದಕ ಲೆಸ್ ಹಾರ್ವಿ ಅರ್ಥ್ ಸರಿಯಿಲ್ಲದ ಮೈಕನ್ನು ಮುಟ್ಟಿ ವೇದಿಕೆಯ ಮೇಲೆಯೇ ಸತ್ತರು.

ನನಗೆ ಶಾಕ್ ಹೊಡೆದ ಕಾರಣ ಸರಳವಾಗಿದೆ. ಆ ಕಾಲದ ಅಮೆರಿಕದ ಬಹಳಷ್ಟು ಆಂಪ್‌ಗಳಿಗೆ ಇದ್ದದ್ದು ಅರ್ಥ್ ಇಲ್ಲದ ಎರಡು ಪಿನ್ನಿನ ಪ್ಲಗ್. ಗುಂಯ್‌ಗುಡುವ ಸದ್ದನ್ನು ತಗ್ಗಿಸಲು ಕರೆಂಟಿನ ಒಂದು ತಂತಿಗೂ ಒಳಗಿನ ಭಾಗಗಳನ್ನು ಹೊತ್ತ ಲೋಹದ ಚೌಕಟ್ಟಾದ ಚಾಸಿಗೂ ನಡುವೆ ಕೆಪಾಸಿಟರ್ (ವಿದ್ಯುತ್ ಹಿಡಿದಿಡುವ ಭಾಗ) ಇಡುತ್ತಿದ್ದರು. ಅದು ಹಳತಾಗಿ ಸೋರತೊಡಗಿದರೆ ಚಾಸಿಗೆ, ಅಲ್ಲಿಂದ ಕೇಬಲ್ ಮೂಲಕ ಗಿಟಾರಿನ ತಂತಿಗಳಿಗೆ ಕರೆಂಟು ಹರಿಯುತ್ತದೆ. ಇಲ್ಲಿನ ವೋಲ್ಟೇಜ್ ಇಳಿಸಲೆಂದು ಮಾರಿದವರು ಜೊತೆಗೆ ಕೊಟ್ಟಿದ್ದ ಸ್ಟೆಪ್‌ಡೌನ್ ಪೆಟ್ಟಿಗೆ ಒಂದೇ ಸುರುಳಿಯ ಆಟೋ ಟ್ರಾನ್ಸ್‌ಫಾರ್ಮರ್ ಆಗಿತ್ತು. ಅದು 230 ವೋಲ್ಟನ್ನು 120ಕ್ಕೆ ಇಳಿಸುತ್ತದೆಯೇ ಹೊರತು ಮನೆಯ ಲೈನಿನಿಂದ ಆಂಪನ್ನು ಬೇರ್ಪಡಿಸುವುದಿಲ್ಲ; ಪ್ಲಗ್ ತಿರುವುಮುರುವಾದರೆ ಚಾಸಿಯ ಪಾಲಿಗೆ ಪೂರಾ 230 ವೋಲ್ಟೇ ಎದುರಾಗಬಹುದು.

ರಿಪೇರಿಯವರು ಚಾಸಿಯ ಮೇಲಿನ ತಗಡಿನ ಮುಚ್ಚಳ ತೆಗೆದಾಗ ಕರೆಂಟನ್ನು ಸಮ ಮಾಡುವ ಫಿಲ್ಟರ್ ಕೆಪಾಸಿಟರ್‌ಗಳ ತುದಿಗಳು ಉಬ್ಬಿ, ಕಂದು ಅಂಟು ಒಸರಿ ಒಣಗಿತ್ತು. ಕೆಲವೇ ದಶಕ ಬಾಳುವ ಈ ಭಾಗಗಳನ್ನು ಯಾರೂ ಬದಲಿಸಿಲ್ಲವೆಂದರೆ ಆಂಪು ಇನ್ನೂ ಬಳಕೆಗೆ ಸಿದ್ಧವಾಗಿಲ್ಲವೆಂದೇ ಅರ್ಥ. ಮಾರಿದವರನ್ನು ಕೇಳಿದರೆ, ‘ಹಳೇ ಮಾಲು ಅಂದ್ಮೇಲೆ ಇರೋದೇ ಹಾಗೆ ಸಾರ್’ ಎಂದರು, ಹಣ ಹಿಂತಿರುಗಿಸಲಿಲ್ಲ.

ಆದ್ದರಿಂದ ಕೊಳ್ಳುವ ಮೊದಲೇ ಹಿಂಬದಿ ತೆರೆದು ತೋರಿಸಲು ಕೇಳಿ. ಚಾಸಿಗೆ ಭದ್ರವಾಗಿ ಅರ್ಥ್ ಜೋಡಿಸಿದ ಮೂರು ಪಿನ್ನಿನ ವೈರ್ ಇಲ್ಲದಿದ್ದರೆ, ಚಾಸಿಯ ಆ ಕೆಪಾಸಿಟರನ್ನು ತೆಗೆದಿಲ್ಲದಿದ್ದರೆ, ಟ್ಯೂಬ್ ಆಂಪ್ ಬಲ್ಲವರಿಂದ ಅಷ್ಟನ್ನೂ ಮಾಡಿಸುವವರೆಗೆ ಸ್ವಿಚ್ ಹಾಕಬೇಡಿ. ನೀವೇ ಬಿಚ್ಚಲು ಹೋಗಬೇಡಿ: ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ 400 ವೋಲ್ಟಿಗೂ ಹೆಚ್ಚು ಉಳಿದಿರಬಹುದು. ಮನೆಯಲ್ಲಿ ನುಡಿಸಲು ಆ ಬಗೆಯ ನಾದವೇ ಬೇಕೆನ್ನುವವರಿಗೆ, 230 ವೋಲ್ಟಿಗೆಂದೇ ತಯಾರಾದ ಫೆಂಡರ್‌ನದೇ ಚಿಕ್ಕ ಆಂಪಾದ ಹೊಸ ಡಿಲಕ್ಸ್ ರಿವರ್ಬ್‌ನ 22 ವ್ಯಾಟ್ ಧಾರಾಳವಾಗಿ ಸಾಕು.