ಪ್ಲಗ್ ಕಿತ್ತ ಮೇಲೆ ಉಳಿಯುವ ವೇಗ: ಮೂರು ಲ್ಯಾಪ್‌ಟಾಪ್‌ಗಳ ಹೋಲಿಕೆ

ಶಿವಮೊಗ್ಗ ಜಿಲ್ಲೆಯ ನಮ್ಮ ಸಾಗರದ ಕಡೆ ಮಳೆಗಾಲದಲ್ಲಿ ಮರದ ಕೊಂಬೆ ತಂತಿಯ ಮೇಲೆ ಬಿದ್ದು ಕರೆಂಟ್ ಹೋಯಿತೆಂದರೆ, ಲೈನ್‌ಮನ್ ಮಳೆಯಲ್ಲೇ ಕಂಬ ಹತ್ತಿ ಸರಿಮಾಡುವವರೆಗೆ ಕಾಯುವುದೊಂದೇ ದಾರಿ. ಮನೆಯಲ್ಲೇ ಕೂತು ಅನುವಾದ ಮಾಡುವ, ಕರಡು ತಿದ್ದುವ ನನಗೆ ಲ್ಯಾಪ್‌ಟಾಪ್‌ನ ವೇಗವೆಂದರೆ ಅಂಗಡಿಯ ಮೇಜಿನ ಮೇಲೆ ಪ್ಲಗ್ಗಿಗೆ ಸಿಕ್ಕಿಸಿ ತೋರಿಸುವ ವೇಗವಲ್ಲ. ಪ್ಲಗ್ ಕಿತ್ತ ಮೇಲೆ ಎಷ್ಟು ವೇಗ ಉಳಿಯುತ್ತದೆ, ಎಷ್ಟು ಹೊತ್ತು ಉಳಿಯುತ್ತದೆ ಎಂಬುದೇ ಲೆಕ್ಕಕ್ಕೆ ಬರುವ ಮಾತು. ಈ ಒಂದು ಅಳತೆಗೋಲನ್ನು ಹಿಡಿದುಕೊಂಡು ಮೂರು ಯಂತ್ರಗಳನ್ನು ಇಲ್ಲಿ ಹೋಲಿಸಿದ್ದೇನೆ: ಆಪಲ್‌ನ ಎಂ4 ಚಿಪ್ ಇರುವ ಮ್ಯಾಕ್‌ಬುಕ್ ಏರ್, ಸ್ನಾಪ್‌ಡ್ರ್ಯಾಗನ್ ಎಕ್ಸ್ ಚಿಪ್ ಇರುವ ಏಸುಸ್ ಜೆನ್‌ಬುಕ್ ಎ14, ಮತ್ತು ಲೆನೊವೊದ ಎಲ್‌ಒಕ್ಯೂ ಗೇಮಿಂಗ್ ಲ್ಯಾಪ್‌ಟಾಪ್. ಮೊದಲನೆಯದು ನನ್ನದು, ಎರಡನೆಯದು ಮುದ್ರಣಾಲಯ ನಡೆಸುವ ಗೆಳೆಯರದು, ಮೂರನೆಯದು ಶಿವಮೊಗ್ಗದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗನದು.

ಬೆಲೆಯಿಂದಲೇ ಆರಂಭಿಸುತ್ತೇನೆ. 2025ರ ಮಾರ್ಚ್‌ನಲ್ಲಿ ಬಿಡುಗಡೆಯಾದಾಗ 13 ಇಂಚಿನ ಎಂ4 ಏರ್‌ನ ಆರಂಭಿಕ ಬೆಲೆ 99,900 ರೂಪಾಯಿ ಇತ್ತು. ವಿದ್ಯಾರ್ಥಿಗಳಿಗೆ ಮತ್ತು ಶಿಕ್ಷಕರಿಗೆ 89,900. ಅದೇ ಹೊತ್ತಿಗೆ ಭಾರತಕ್ಕೆ ಬಂದ ಜೆನ್‌ಬುಕ್ ಎ14 ಬೆಲೆ 99,990 ಇತ್ತು. ಎರಡರ ನಡುವೆ ತೊಂಬತ್ತು ರೂಪಾಯಿಯ ಅಂತರವಷ್ಟೇ, ಆದ್ದರಿಂದ ಇವು ನಿಜವಾದ ಅರ್ಥದಲ್ಲಿ ಎದುರಾಳಿಗಳು. ಎರಡರಲ್ಲೂ 16 ಜಿಬಿ ರ‍್ಯಾಮ್ ಇದೆ, ಆದರೆ ಏರ್‌ನಲ್ಲಿ ಸಂಗ್ರಹಕ್ಕೆ ಸಿಗುವುದು 256 ಜಿಬಿ, ಜೆನ್‌ಬುಕ್‌ನಲ್ಲಿ 512 ಜಿಬಿ. ಏರ್‌ನಲ್ಲೂ 512 ಬೇಕೆಂದರೆ 1,19,900 ತೆರಬೇಕಾಗಿತ್ತು. ಅಂದರೆ ಇನ್ನೊಂದು 256 ಜಿಬಿಗೆ 20,000 ರೂಪಾಯಿ. ಆ ಹಣದ ಅರ್ಧಕ್ಕೂ ಕಡಿಮೆ ಬೆಲೆಗೆ ಹೊರಗಿನಿಂದ ಸಿಕ್ಕಿಸುವ 1 ಟಿಬಿ ಎಸ್‌ಎಸ್‌ಡಿ ಕೊಂಡ ನಾನು, ಈ ಬೆಲೆಪಟ್ಟಿ ಗ್ರಾಹಕರಿಗೆ ಮಾಡುವ ಅನ್ಯಾಯವೆಂದೇ ಹೇಳುತ್ತೇನೆ. ಏರ್‌ನ ರ‍್ಯಾಮ್ ಮತ್ತು ಸಂಗ್ರಹ ಎರಡೂ ಬೆಸುಗೆ ಹಾಕಿದಂಥವು. ಕೊಳ್ಳುವ ದಿನ ಆರಿಸಿಕೊಂಡಿದ್ದೇ ಕೊನೆಯವರೆಗೂ. ಎಲ್‌ಒಕ್ಯೂ ಸರಣಿಯಲ್ಲಿ ಬೇರೆ ಬೇರೆ ಮಾದರಿಗಳಿವೆ; ಎನ್‌ವಿಡಿಯಾದ ಆರ್‌ಟಿಎಕ್ಸ್ ಗ್ರಾಫಿಕ್ಸ್ ಕಾರ್ಡ್ ಇರುವ ಒಂದು ಮಾದರಿ ನಮಗೆ ಎಂಬತ್ತು ಸಾವಿರದ ಒಳಗೆ ಸಿಕ್ಕಿತು.

ಬ್ಯಾಟರಿಯ ವಿಷಯದಲ್ಲಿ ಗಂಟೆಗಳ ಜಾಹೀರಾತನ್ನು ಪಕ್ಕಕ್ಕಿಟ್ಟು ವ್ಯಾಟ್-ಅವರ್ ಸಂಖ್ಯೆಯನ್ನು ನೋಡುವುದು ಒಳ್ಳೆಯದು. ಅದು ಟ್ಯಾಂಕಿನ ಅಳತೆ. ಯಂತ್ರ ಎಳೆಯುವ ವ್ಯಾಟ್‌ಗಳು ನಲ್ಲಿಯ ಹರಿವು. ಏರ್‌ನಲ್ಲಿರುವುದು 53.8 ವ್ಯಾಟ್-ಅವರ್, ಜೆನ್‌ಬುಕ್‌ನಲ್ಲಿ 70, ನಾವು ಕೊಂಡ ಎಲ್‌ಒಕ್ಯೂದಲ್ಲಿ 60. ಟ್ಯಾಂಕನ್ನಷ್ಟೇ ನೋಡಿದರೆ ಏರ್ ಕೊನೆಯ ಸ್ಥಾನದಲ್ಲಿದೆ. ಆದರೆ ವೈರ್‌ಲೆಸ್ ಜಾಲಾಟದಲ್ಲಿ 15 ಗಂಟೆ ಬರುತ್ತದೆಂದು ಆಪಲ್ ಹೇಳುವುದನ್ನು ಭಾಗಿಸಿ ನೋಡಿದರೆ, ಇಡೀ ಯಂತ್ರ ಪರದೆ ಸಮೇತ ಎಳೆಯುವುದು ನಾಲ್ಕು ವ್ಯಾಟ್‌ಗಿಂತಲೂ ಕಡಿಮೆ ಎಂದಾಗುತ್ತದೆ. ಒಂದು ಸಣ್ಣ ಎಲ್‌ಇಡಿ ಬಲ್ಬಿನಷ್ಟೂ ಅಲ್ಲ. ನನ್ನ ಕೆಲಸದಲ್ಲಿ ಪರದೆಯ ಬೆಳಕು ಹೆಚ್ಚಿರುತ್ತದೆ, ನಿಘಂಟುಗಳ ಹತ್ತಾರು ಟ್ಯಾಬ್‌ಗಳು ತೆರೆದಿರುತ್ತವೆ, ಹೀಗಾಗಿ ಹದಿನೈದು ಗಂಟೆಯನ್ನು ನಾನು ಕಂಡಿಲ್ಲ; ಆದರೂ ಬೆಳಗಿನ ಕಾಫಿಯ ಹೊತ್ತಿಗೆ ತೆರೆದ ಯಂತ್ರವನ್ನು ಸಂಜೆ ದೀಪ ಹಚ್ಚುವ ಹೊತ್ತಿನವರೆಗೂ ಚಾರ್ಜರ್ ಹುಡುಕದೆ ಬಳಸುತ್ತೇನೆ. ಜೆನ್‌ಬುಕ್ ಕೂಡ ಇದಕ್ಕೆ ಸರಿಸಮಾನವಾಗಿ ನಿಲ್ಲುತ್ತದೆ, ವಿಡಿಯೊ ನೋಡುವಾಗ ಇನ್ನೂ ಮುಂದೆ ಹೋಗುತ್ತದೆ. ಸುಮಾರು ಒಂದು ಕೆ.ಜಿ. ತೂಕದ ಯಂತ್ರದಲ್ಲಿ 70 ವ್ಯಾಟ್-ಅವರ್ ತುಂಬಿಸಿರುವುದು ಸಣ್ಣ ಸಾಧನೆಯಲ್ಲ. ಏರ್ 1.24 ಕೆ.ಜಿ. ಇದೆ, ಎರಡನ್ನೂ ಒಂದೊಂದು ಕೈಯಲ್ಲಿ ಹಿಡಿದಾಗ ವ್ಯತ್ಯಾಸ ತಕ್ಷಣ ತಿಳಿಯುತ್ತದೆ.

ಗೇಮಿಂಗ್ ಲ್ಯಾಪ್‌ಟಾಪ್‌ಗಳ ಲೆಕ್ಕವೇ ಬೇರೆ. ಅವುಗಳ ಗ್ರಾಫಿಕ್ಸ್ ಚಿಪ್ ಒಂದೇ ಪೂರ್ತಿ ದುಡಿಯುವಾಗ ನೂರು ವ್ಯಾಟ್‌ನ ಆಸುಪಾಸು ಬೇಡುತ್ತದೆ. 60 ವ್ಯಾಟ್-ಅವರ್ ಟ್ಯಾಂಕಿನಿಂದ ಅಷ್ಟನ್ನು ಕೊಟ್ಟರೆ ಅರ್ಧ ಗಂಟೆಯ ಹೊತ್ತಿಗೆ ಬ್ಯಾಟರಿ ಬರಿದಾಗುತ್ತದೆ, ಆದ್ದರಿಂದಲೇ ಪ್ಲಗ್ ಕಿತ್ತ ಕೂಡಲೇ ಈ ಬಗೆಯ ಯಂತ್ರಗಳು ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ. ಬರವಣಿಗೆಯಂಥ ಹಗುರ ಕೆಲಸದಲ್ಲೂ ಹನ್ನೆರಡು ವ್ಯಾಟ್ ಎಳೆದರೆ ಸಿಗುವುದು ಐದು ಗಂಟೆ. ಇದು ಒಂದು ಕಂಪನಿಯ ದೋಷವಲ್ಲ, ಆ ವರ್ಗದ ಸ್ವಭಾವ. ಮನೆಯ ಇನ್ವರ್ಟರ್ ಮೇಲೆ ಬೀಳುವ ಹೊರೆಯನ್ನೂ ಗಮನಿಸಬೇಕು: ಏರ್‌ನ ಮೂಲ ಮಾದರಿಯೊಂದಿಗೆ ಬರುವುದು 30 ವ್ಯಾಟ್‌ನ ಚಾರ್ಜರ್, ಹಳೆಯ ಸೀಲಿಂಗ್ ಫ್ಯಾನ್‌ಗಿಂತ ಕಡಿಮೆ, ನಮ್ಮ ಎಲ್‌ಒಕ್ಯೂದ್ದು 170 ವ್ಯಾಟ್.

ಇಲ್ಲೊಂದು ಹಳೆಯ ಸಂಕಟವನ್ನು ಹೇಳಿಬಿಡುತ್ತೇನೆ. ಇದಕ್ಕೂ ಮೊದಲು ನಾನು ಬಳಸುತ್ತಿದ್ದ ಬೇರೊಂದು ಲ್ಯಾಪ್‌ಟಾಪ್ ಹಗಲೂ ರಾತ್ರಿ ಚಾರ್ಜರ್‌ಗೆ ಸಿಕ್ಕಿಸಿಯೇ ಇರುತ್ತಿತ್ತು. ಮೂರನೆಯ ವರ್ಷ ಟಚ್‌ಪ್ಯಾಡ್ ಒತ್ತಿದರೆ ಕ್ಲಿಕ್ ಎನ್ನುವುದು ನಿಂತಿತು, ಮುಚ್ಚಳ ಮುಚ್ಚಿದರೆ ಎಡಮೂಲೆಯಲ್ಲಿ ಬೆರಳು ತೂರುವಷ್ಟು ಸಂದು ಉಳಿಯುತ್ತಿತ್ತು. ಬಿಚ್ಚಿದಾಗ ಒಳಗಿದ್ದ ಬ್ಯಾಟರಿ ಹಪ್ಪಳದಂತೆ ಉಬ್ಬಿತ್ತು. ಲಿಥಿಯಂ ಬ್ಯಾಟರಿಯನ್ನು ಸದಾ ನೂರು ಪ್ರತಿಶತದಲ್ಲಿ, ಅದರಲ್ಲೂ ಬಿಸಿಯಲ್ಲಿ ಇಟ್ಟರೆ ಅದು ಬೇಗ ಹಳತಾಗುತ್ತದೆ. ಏಸುಸ್ ಮತ್ತು ಲೆನೊವೊ ಎರಡರ ತಂತ್ರಾಂಶದಲ್ಲೂ ಚಾರ್ಜನ್ನು 80 ಪ್ರತಿಶತದ ಆಸುಪಾಸು ನಿಲ್ಲಿಸುವ ಆಯ್ಕೆ ಇದೆ. ಪ್ಲಗ್ಗಿನಲ್ಲೇ ಬದುಕುವ ಗೇಮಿಂಗ್ ಲ್ಯಾಪ್‌ಟಾಪ್ ಕೊಂಡವರು ಮೊದಲ ದಿನವೇ ಅದನ್ನು ಚಾಲೂ ಮಾಡಿಕೊಳ್ಳಲಿ.

ಇನ್ನು ಕಾರ್ಯಕ್ಷಮತೆ. ಚಿಪ್‌ನ ವೇಗ ಅಳೆಯುವ ಗೀಕ್‌ಬೆಂಚ್ 6 ಪರೀಕ್ಷೆಯಲ್ಲಿ ಒಂದೇ ಕೋರ್‌ನ (ಚಿಪ್‌ನೊಳಗೆ ಲೆಕ್ಕ ಮಾಡುವ ಒಂದು ಘಟಕದ) ಅಂಕ ಎಂ4ಗೆ 3,700ರ ಹತ್ತಿರ ಬರುತ್ತದೆ, ಎಂಟು ಕೋರ್‌ಗಳ ಸ್ನಾಪ್‌ಡ್ರ್ಯಾಗನ್ ಎಕ್ಸ್‌ಗೆ 2,100ರಿಂದ 2,400. ಪುಟ ತೆರೆಯುವುದು, ಐನೂರು ಪುಟಗಳ ಕಡತದಲ್ಲಿ ಒಂದು ಪದ ಹುಡುಕುವುದು ಇಂಥ ದಿನನಿತ್ಯದ ಕೆಲಸಗಳ ಚುರುಕು ಬಹುಮಟ್ಟಿಗೆ ಈ ಒಂದು ಕೋರ್‌ನ ಮೇಲೆಯೇ ನಿಂತಿರುವುದರಿಂದ ಇದು ಸಣ್ಣ ಅಂತರವಲ್ಲ. ಎರಡೂ ಯಂತ್ರಗಳ ಹಿರಿಮೆಯೆಂದರೆ ಪ್ಲಗ್ ಕಿತ್ತಾಗಲೂ ಈ ವೇಗ ಹೆಚ್ಚುಕಮ್ಮಿ ಹಾಗೆಯೇ ಇರುತ್ತದೆ. ಏರ್‌ಗೆ ಫ್ಯಾನ್ ಇಲ್ಲ, ಆದ್ದರಿಂದ ಸದ್ದೇ ಇಲ್ಲ. ಆದರೆ ದೀರ್ಘ ವಿಡಿಯೊವನ್ನು ಪರಿವರ್ತಿಸುವಂಥ ಭಾರದ ಕೆಲಸ ಹಚ್ಚಿದರೆ ಕೆಲವು ನಿಮಿಷಗಳ ಬಳಿಕ ಮೈ ಬಿಸಿಯಾಗಿ ವೇಗ ಇಳಿಯುತ್ತದೆ. ಅಂಥ ಕೆಲಸವೇ ದಿನವಿಡೀ ಇರುವವರು ಏರ್ ಕೊಳ್ಳಬಾರದು.

ಪರದೆಯ ಮಾತಿಗೆ ಬಂದರೆ, ಜೆನ್‌ಬುಕ್‌ನ ಓಎಲ್‌ಇಡಿಯಲ್ಲಿ ಕಪ್ಪು ಬಣ್ಣ ನಿಜಕ್ಕೂ ಕಪ್ಪು, ಸಿನಿಮಾ ನೋಡಲು ಅದೇ ಚೆಂದ. ಆದರೆ ಕರಡು ತಿದ್ದುವವರಿಗೆ ಬೇಕಾದದ್ದು ಅಕ್ಷರದ ಮೊನಚು. ಇಂಚಿಗೆ ಏರ್‌ನಲ್ಲಿ 224 ಪಿಕ್ಸೆಲ್, ಜೆನ್‌ಬುಕ್‌ನಲ್ಲಿ ಸುಮಾರು 162, ಎಲ್‌ಒಕ್ಯೂದಲ್ಲಿ ಸುಮಾರು 141. ಕನ್ನಡದಲ್ಲಿ ‘ಅರ್ಧ’ವನ್ನೂ ‘ಅರ್ಥ’ವನ್ನೂ ಬೇರ್ಪಡಿಸುವುದು ಹೊಟ್ಟೆಯೊಳಗಿನ ಒಂದು ಚುಕ್ಕೆ. ಅಡಿಟಿಪ್ಪಣಿಯ ಸಣ್ಣ ಅಕ್ಷರಗಳಲ್ಲಿ ಆ ಚುಕ್ಕೆ ಏರ್‌ನಲ್ಲಿ ಚುಕ್ಕೆಯಾಗಿಯೇ ಕಾಣುತ್ತದೆ, ಉಳಿದೆರಡರಲ್ಲಿ ಪುಟವನ್ನು ದೊಡ್ಡದು ಮಾಡಿಯೇ ಖಚಿತಪಡಿಸಿಕೊಳ್ಳಬೇಕಾಗುತ್ತದೆ. ದಿನಕ್ಕೆ ಎಂಟು ಗಂಟೆ ಅಕ್ಷರ ನೋಡುವ ಕಣ್ಣಿಗೆ ಇದರಿಂದ ಸಿಗುವ ಬಿಡುವನ್ನು ಹಣದಲ್ಲಿ ಅಳೆಯಲಾರೆ.

ಹಾಗೆಂದು ಕನ್ನಡದ ಕೆಲಸಕ್ಕೆಲ್ಲ ಏರ್ ಸರಿ ಎನ್ನುವಂತಿಲ್ಲ. ಎಲ್ಲ ಕಂಪ್ಯೂಟರ್‌ಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತವಾದ ಯುನಿಕೋಡ್‌ನಲ್ಲಿ ಬರೆಯುವವರಿಗೆ ಮ್ಯಾಕ್‌ನಲ್ಲಿ ಕನ್ನಡ ಕೀಲಿಮಣೆ ಸಿದ್ಧವಾಗಿದೆ, ವಿಂಡೋಸ್‌ನಲ್ಲೂ 2019ರಿಂದ ಉಚ್ಚಾರಣೆ ಆಧಾರಿತ ಕೀಲಿಮಣೆ ಒಳಗೇ ಬರುತ್ತದೆ. ಆದರೆ ನಮ್ಮ ಊರುಗಳ ಮುದ್ರಣಾಲಯಗಳು ಪುಟ ಕಟ್ಟುವ ಹಳೆಯ ತಂತ್ರಾಂಶವಾದ ಪೇಜ್‌ಮೇಕರನ್ನು ಇಂದಿಗೂ ಬಿಟ್ಟಿಲ್ಲ. 2001ರಲ್ಲಿ ಬಂದ 7.0 ಅದರ ಕೊನೆಯ ಆವೃತ್ತಿ, ಅದಕ್ಕೆ ಯುನಿಕೋಡ್ ಕನ್ನಡ ತಿಳಿಯದು. ‘ನುಡಿ’ ತಂತ್ರಾಂಶದ ಹಳೆಯ, ಯುನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತಗಳು ನನ್ನ ಏರ್‌ಗೆ ಬಂದಾಗ ಅಕ್ಷರಗಳೆಲ್ಲ ಕಲಸುಮೇಲೋಗರವಾಗಿ ಕಾಣುತ್ತವೆ, ಪರಿವರ್ತಕದಲ್ಲಿ ಹಾಕಿ ಯುನಿಕೋಡ್ ಮಾಡಿಕೊಂಡು, ಆಮೇಲೆ ಅರ್ಕಾವತ್ತು ಒತ್ತಕ್ಷರಗಳನ್ನು ಮತ್ತೊಮ್ಮೆ ಕಣ್ಣಾಡಿಸಬೇಕು. ಮುದ್ರಣಾಲಯದ ಗೆಳೆಯರು ವಿಂಡೋಸ್ ಎಂಬ ನಂಬಿಕೆಯಿಂದಲೇ ಜೆನ್‌ಬುಕ್ ಕೊಂಡರು. ಸ್ನಾಪ್‌ಡ್ರ್ಯಾಗನ್‌ನಲ್ಲಿ ಓಡುವ ವಿಂಡೋಸ್, ಇಂಟೆಲ್ ಮತ್ತು ಎಎಂಡಿಗಾಗಿ ಬರೆದ ಹಳೆಯ ತಂತ್ರಾಂಶಗಳನ್ನು ಒಳಗೊಳಗೇ ಅನುವಾದಿಸಿಕೊಂಡು ನಡೆಸುತ್ತದೆ, ಮತ್ತು ಹೆಚ್ಚಿನವನ್ನು ಚೆನ್ನಾಗಿಯೇ ನಡೆಸುತ್ತದೆ. ಆದರೆ ಹೊರಗಿನ ಸಾಧನಗಳನ್ನು ನಡೆಸುವ ತಂತ್ರಾಂಶಗಳಾದ ಡ್ರೈವರ್‌ಗಳಿಗೆ ಈ ಅನುವಾದ ದಕ್ಕುವುದಿಲ್ಲ. ಹಳೆಯ ಪ್ರಿಂಟರ್, ಫಾಂಟ್ ತಂತ್ರಾಂಶಕ್ಕೆ ಸಿಕ್ಕಿಸುವ ಡಾಂಗಲ್, ಬೆರಳಗುರುತು ಓದುವ ಯಂತ್ರ ಇವುಗಳಿಗೆಲ್ಲ ಸ್ನಾಪ್‌ಡ್ರ್ಯಾಗನ್‌ನಂಥ ಆರ್ಮ್ ಬಗೆಯ ಚಿಪ್‌ಗೆಂದೇ ಬರೆದ ಡ್ರೈವರ್ ಇದ್ದರೆ ಮಾತ್ರ ಕೆಲಸ. ‘ವಿಂಡೋಸ್ ಅಲ್ಲವೇ ಸರ್, ಎಲ್ಲಾ ನಡೆಯುತ್ತೆ’ ಎಂದು ಅಂಗಡಿಯಲ್ಲಿ ಹೇಳಿದರೆ ಆ ಮಾತಿಗೆ ಒಪ್ಪದೆ, ನಿಮ್ಮ ಡಾಂಗಲ್ಲನ್ನೇ ಒಯ್ದು ಸಿಕ್ಕಿಸಿ ನೋಡಿ. ಗೆಳೆಯರು ಈಗ ಜೆನ್‌ಬುಕ್‌ನಲ್ಲಿ ಲೆಕ್ಕಪತ್ರ, ಪತ್ರವ್ಯವಹಾರ ನೋಡಿಕೊಂಡು, ಪುಟ ಕಟ್ಟಲು ಹಳೆಯ ಡೆಸ್ಕ್‌ಟಾಪನ್ನೇ ಉಳಿಸಿಕೊಂಡಿದ್ದಾರೆ.

ಅಕ್ಕನ ಮಗನಿಗೆ ಏರ್ ಬೇಕೆಂಬ ಆಸೆಯಿತ್ತು. ಬೇಡವೆಂದು ಹೇಳಿದವಳು ನಾನೇ. ಎಂಜಿನಿಯರಿಂಗ್ ವಿನ್ಯಾಸ, ವಿಶ್ಲೇಷಣೆಗೆ ಬಳಸುವ ಸಾಲಿಡ್‌ವರ್ಕ್ಸ್ ಮತ್ತು ಆನ್ಸಿಸ್ ತಂತ್ರಾಂಶಗಳು ಮ್ಯಾಕ್‌ಗೆ ಇಲ್ಲ. ಮೆಷಿನ್ ಲರ್ನಿಂಗ್ ಪ್ರಾಜೆಕ್ಟ್‌ಗಳಲ್ಲಿ ಹೆಚ್ಚು ಬಳಕೆಯಾಗುವ ‘ಕೂಡಾ’ (CUDA) ಎಂಬ ತಂತ್ರಾಂಶ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್‌ಗಳಲ್ಲಿ ಮಾತ್ರ ಓಡುತ್ತದೆ. ಅವನ ಲ್ಯಾಬಿನಲ್ಲೂ ಹಾಸ್ಟೆಲ್ಲಿನಲ್ಲೂ ಪ್ಲಗ್ ಇದೆ. 2.38 ಕೆ.ಜಿ.ಯ ಯಂತ್ರ ಮತ್ತು ಇಟ್ಟಿಗೆಯಷ್ಟು ದಪ್ಪದ ಚಾರ್ಜರನ್ನು ಬೆನ್ನಿಗೆ ಹೊರುವ ವಯಸ್ಸೂ ಇದೆ. ಮಿಗಿಲಾಗಿ ಎಲ್‌ಒಕ್ಯೂದಲ್ಲಿ ರ‍್ಯಾಮ್‌ಗೆ ಎರಡು ಸ್ಲಾಟ್, ಎಸ್‌ಎಸ್‌ಡಿಗೂ ಎರಡು ಜಾಗ ಇವೆ. ಇಂದು ಕಡಿಮೆ ಬೆಲೆಗೆ ಕೊಂಡು ಮುಂದೆ ಕೈಯಲ್ಲಿ ಹಣ ಬಂದಾಗ ಬೆಳೆಸಿಕೊಳ್ಳಬಹುದು. ಉಳಿದೆರಡೂ ಯಂತ್ರಗಳ ರ‍್ಯಾಮ್‌ಗೆ ಆ ದಾರಿಯಿಲ್ಲ.

ಇನ್ನೂ ಅಗ್ಗದ ವಿಂಡೋಸ್ ಯಂತ್ರ ಹುಡುಕುವವರಿಗೆ ಒಂದು ಎಚ್ಚರಿಕೆ. ಎಎಂಡಿಯ ಚಿಪ್‌ಗಳಾದ ರೈಜನ್ 5 7520ಯು ಮತ್ತು 7530ಯು ಹೆಸರಿನಲ್ಲಿ ಅಕ್ಕತಂಗಿಯರಂತೆ ಕಂಡರೂ ಮೊದಲನೆಯದು ನಾಲ್ಕು ಕೋರ್‌ಗಳ, ಹಳೆಯ ತಲೆಮಾರಿನ ಜೆನ್ 2, ಎರಡನೆಯದು ಆರು ಕೋರ್‌ಗಳ, ಅದರ ನಂತರದ ತಲೆಮಾರಿನ ಜೆನ್ 3. ಆ ಸರಣಿಯಲ್ಲಿ ಮೊದಲ ಅಂಕಿಯಾದ 7 ಬರೀ ವರ್ಷದ ಗುರುತು, ಚಿಪ್ಪಿನ ನಿಜವಾದ ತಲೆಮಾರನ್ನು ಹೇಳುವುದು ಮೂರನೆಯ ಅಂಕಿ. ಅಕ್ಕನ ಮಗನ ಸಹಪಾಠಿಗೆ ಇದನ್ನು ಮೊದಲೇ ಹೇಳಲಾಗಲಿಲ್ಲವೆಂಬ ಬೇಸರ ನನಗಿದೆ. ಆತ ‘7000 ಸೀರೀಸ್’ ಎಂಬ ಸ್ಟಿಕ್ಕರ್ ನೋಡಿ 7520ಯು ಕೊಂಡಾಗಿತ್ತು.