ಗ್ರಾಫಿಕ್ಸ್ ಕಾರ್ಡ್ ಈಗಲೇ ಹಾಕೋಣವಾ, ಆಮೇಲಾ? ಕಡಿಮೆ ದುಡ್ಡಿನ ಎರಡು ಗೇಮಿಂಗ್ ಪಿಸಿ ಜೋಡಿಸಿ ನೋಡಿದ್ದು

2024ರ ಬೇಸಿಗೆಯಲ್ಲಿ ನಮ್ಮ ಮನೆಯವರಿಗೆ ಒಟ್ಟಿಗೇ ಎರಡು ಕಂಪ್ಯೂಟರ್ ಬೇಕಾದವು. ಒಂದು ಧಾರವಾಡದ ಸಪ್ತಾಪುರದಲ್ಲಿರುವ ನನಗೆ. ಇನ್ನೊಂದು ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಅಣ್ಣನ ಮಗನಿಗೆ. ನನ್ನ ಕೈಯಲ್ಲಿ 45 ಸಾವಿರ ಇತ್ತು, ಅವನ ಕೈಯಲ್ಲಿ 30. ಮಾನಿಟರ್ ಇಬ್ಬರ ಹತ್ತಿರವೂ ಹಳೆಯದಿತ್ತು, 1080ಪಿ (ಫುಲ್ ಎಚ್‌ಡಿ), 60 ಹರ್ಟ್ಸ್ (ಸೆಕೆಂಡಿಗೆ 60 ಚಿತ್ರ ತೋರಿಸುವಂಥದ್ದು).

ಅವನು ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದ. "ಕಾಕಾ, ನನಗ ಕಾರ್ಡ್ ಈಗ ಬ್ಯಾಡ್ರಿ, ಆಮ್ಯಾಲ ಹಾಕ್ಕೋತೀನ್ರಿ" ಅಂದ. ಕಾರ್ಡ್ ಅಂದರೆ ಆಟದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್. ಎಎಂಡಿ ಕಂಪನಿಯ ರೈಜನ್ 5 5600ಜಿ ಪ್ರೊಸೆಸರ್ ಆರಿಸಿಕೊಂಡ. ಆರು ಕೋರ್ (ಲೆಕ್ಕ ಮಾಡುವ ಭಾಗ), ಹನ್ನೆರಡು ಥ್ರೆಡ್ (ಒಟ್ಟಿಗೇ ನಡೆಸಬಲ್ಲ ಕೆಲಸ), ಒಳಗೇ ವೇಗಾ ಗ್ರಾಫಿಕ್ಸ್ ಇದೆ. ನಾನು ಇಂಟೆಲ್ ಐ3 12100ಎಫ್ ತಗೊಂಡೆ. ನಾಲ್ಕೇ ಕೋರ್, ಎಂಟು ಥ್ರೆಡ್. ಪ್ರೊಸೆಸರ್‌ನಲ್ಲಿ ಉಳಿದ ದುಡ್ಡನ್ನು ಕಾರ್ಡ್‌ಗೆ ಹಾಕೋಣ ಎಂಬ ಲೆಕ್ಕ ನನ್ನದು. ಹೆಸರಿನ ಕೊನೆಯ 'ಎಫ್' ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ. ಕಾರ್ಡ್ ಇಲ್ಲದಿದ್ದರೆ ಪರದೆ ಮೇಲೆ ಏನೂ ಬರುವುದಿಲ್ಲ. ಇದು ನನಗೆ ಗೊತ್ತಿತ್ತು. ಆದರೆ ಎಷ್ಟು ತೊಂದರೆ ಕೊಡಬಹುದು ಅನ್ನುವುದು ಆಮೇಲೆ ಗೊತ್ತಾಯಿತು.

ಮೊದಲು ಅವನ ಮಷೀನ್ ವಿಷಯ. ದುಡ್ಡು ಉಳಿಸಲು ಒಂದೇ 8 ಜಿಬಿ ರ‍್ಯಾಮ್ ತಂದಿದ್ದ. ಜಿಟಿಎ 5 ಆಟವನ್ನು 1080ಪಿಯಲ್ಲಿ, ನಾರ್ಮಲ್ ಸೆಟ್ಟಿಂಗ್‌ನಲ್ಲಿ ಓಡಿಸಿದಾಗ ಸೆಕೆಂಡಿಗೆ 40 ಫ್ರೇಮ್‌ನ (ಚಿತ್ರದ) ಸುತ್ತ ಬಂತು. ಗಾಡಿ ತಿರುಗಿಸಿದ ಕೂಡಲೇ ಜರ್ಕ್. ನನ್ನ ಪಿಸಿಯಿಂದ ಅಂಥದ್ದೇ ಇನ್ನೊಂದು ರ‍್ಯಾಮ್ ತೆಗೆದು ಅವನದಕ್ಕೆ ಹಾಕಿದೆವು. ಅದೇ ಆಟ, ಅದೇ ಜಾಗ, 60 ದಾಟಿತು! ಕಾರಣ ಸರಳ. 5600ಜಿಯ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮ್ ಅನ್ನೇ ಹಂಚಿಕೊಳ್ಳುತ್ತದೆ. ಎರಡು ಸ್ಟಿಕ್ ಇದ್ದರೆ ಡೇಟಾ ಎರಡು ದಾರಿಯಲ್ಲಿ ಓಡಾಡುತ್ತದೆ. ಒಂದೇ ಇದ್ದರೆ ಅರ್ಧ ದಾರಿ ಬಂದ್. ಇದರ ಜೊತೆ ಬಯೋಸ್‌ಗೆ (ವಿಂಡೋಸ್ ಏಳುವ ಮುಂಚಿನ ಸೆಟ್ಟಿಂಗ್ ಪರದೆಗೆ) ಹೋಗಿ ಎಕ್ಸ್‌ಎಂಪಿ (ಮೆಮೊರಿಯನ್ನು ಪೂರ್ತಿ ವೇಗಕ್ಕೆ ಏರಿಸುವ ಆಯ್ಕೆ) ಆನ್ ಮಾಡಬೇಕು. ಇಲ್ಲವಾದರೆ 3200ರ ರ‍್ಯಾಮ್ ಕೂಡ 2400ರಲ್ಲೋ 2666ರಲ್ಲೋ ಓಡುತ್ತಿರುತ್ತದೆ. ಅಂಗಡಿಯಲ್ಲಿ ಅಸೆಂಬಲ್ ಮಾಡಿಸಿದವರು ಇದನ್ನು ಒಮ್ಮೆ ನೋಡಿಕೊಳ್ಳಿ. ಅವನು ಮರುದಿನವೇ ಎರಡನೇ 8 ಜಿಬಿ ತಂದ. ಗ್ರಾಫಿಕ್ಸ್‌ಗೆ 2 ಜಿಬಿ ಬಿಟ್ಟುಕೊಟ್ಟರೂ ವಿಂಡೋಸ್‌ಗೆ 14 ಉಳಿಯುತ್ತದೆ.

ವ್ಯಾಲರಂಟ್ ಅಂತೂ ಲೋ ಸೆಟ್ಟಿಂಗ್‌ನಲ್ಲಿ 100ರ ಮೇಲೆಯೇ ಓಡಿತು. 60 ಹರ್ಟ್ಸ್ ಮಾನಿಟರ್‌ಗೆ ಅದೇ ಜಾಸ್ತಿ. ಸೈಬರ್‌ಪಂಕ್ ಎಂಬ ಭಾರೀ ಆಟ ಹಾಕಿದಾಗ ಮಾತ್ರ 1080ಪಿ ಲೋ ಸೆಟ್ಟಿಂಗ್‌ನಲ್ಲೂ 20ರ ಸುತ್ತ ನಿಂತಿತು. ರೆಸಲ್ಯೂಷನ್ ಇಳಿಸಿ 30 ದಾಟಿಸಿದೆವು. ಆದರೆ ದೂರದ ಬೋರ್ಡ್ ಮೇಲಿನ ಅಕ್ಷರ ಓದಲು ಆಗಲಿಲ್ಲ. ಹೊಸ, ಭಾರೀ ಆಟ ಆಡಬೇಕು ಅನ್ನುವವರಿಗೆ ಕಾರ್ಡ್ ಇಲ್ಲದ 5600ಜಿ ಸಾಕಾಗದು.

ಈಗ ನನ್ನದು. ನಾನು ಮೊದಲು ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 580 ತಗೊಂಡೆ. 8 ಜಿಬಿ, ಆರೂವರೆ ಸಾವಿರ. 2017ರ ಕಾರ್ಡ್ ಆದರೂ ಆ ಬೆಲೆಗೆ 8 ಜಿಬಿ ಬೇರೆಲ್ಲಿ ಸಿಗಬೇಕು? ಸೈಬರ್‌ಪಂಕ್ 35ರಿಂದ 40ರಲ್ಲಿ ಓಡಿತು. ಖುಷಿಯಾಯಿತು. ಆಮೇಲೆ ಜಿಪಿಯು-ಝಡ್ (ಕಾರ್ಡ್‌ನ ವಿವರ ತೋರಿಸುವ ತಂತ್ರಾಂಶ) ತೆರೆದು ನೋಡಿದರೆ ಶೇಡರ್ (ಚಿತ್ರದ ಲೆಕ್ಕ ಮಾಡುವ ಸಣ್ಣ ಘಟಕ) ಸಂಖ್ಯೆ 2048 ಅಂತಿತ್ತು. ಪೂರ್ತಿ 580ರಲ್ಲಿ 2304 ಇರಬೇಕು. ಅದೇ ಹೆಸರಿನಲ್ಲಿ ಬರುವ ಕಡಿಮೆ ಶಕ್ತಿಯ ಮಾದರಿ ಅದು. ಮಾರಿದವನು ಈ ಮಾತೇ ಎತ್ತಿರಲಿಲ್ಲ. ಬಿಚ್ಚಿ ನೋಡಿದರೆ ಚಿಪ್‌ನ ಬಿಸಿ ಸಾಗಿಸುವ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಹಾಗೆ ಉದುರಿತು. 2022ರ ಸೆಪ್ಟೆಂಬರ್‌ನಲ್ಲಿ ಈಥೀರಿಯಂ ಎಂಬ ಕ್ರಿಪ್ಟೋ ಹಣದ ಮೈನಿಂಗ್ (ಕಾರ್ಡ್ ದುಡಿಸಿ ಹಣ ಗಳಿಸುವುದು) ನಿಂತ ಮೇಲೆ ಹಗಲು ರಾತ್ರಿ ದುಡಿದ ಇಂಥ ಕಾರ್ಡ್‌ಗಳು ರಾಶಿ ರಾಶಿಯಾಗಿ ಮಾರುಕಟ್ಟೆಗೆ ಬಂದವು. ನನ್ನದೂ ಅಂಥದ್ದೇ ಇರಬೇಕು.

ಮೂರನೇ ವಾರ, ಆಟದ ನಡುವೆ ಪರದೆ ಕಪ್ಪಾಯಿತು. ಮತ್ತೆ ಹತ್ತಲೇ ಇಲ್ಲ. ಹೋಗಿದ್ದು ಕಾರ್ಡಾ, ಮದರ್‌ಬೋರ್ಡಾ, ರ‍್ಯಾಮಾ? ಪ್ರೊಸೆಸರ್‌ನಲ್ಲಿ ಗ್ರಾಫಿಕ್ಸ್ ಇಲ್ಲದ್ದರಿಂದ ತಿಳಿಯುವ ದಾರಿಯೇ ಇರಲಿಲ್ಲ. ಎರಡು ದಿನ ಸುಮ್ನೆ ಕಳೆದವು. ಕೊನೆಗೆ ಕಾರ್ಡ್ ಅನ್ನು ಚೀಲದಲ್ಲಿ ಇಟ್ಟುಕೊಂಡು ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಹೋದೆ. ಹುಡುಗನ ಪಿಸಿಗೆ ಹಾಕಿದರೆ ಅಲ್ಲೂ ಕಪ್ಪು. ಕಾರ್ಡ್ ತೆಗೆದು ಕೇಬಲ್ ಅನ್ನು ಬೋರ್ಡ್‌ಗೆ ಚುಚ್ಚಿದೆವು, ಅವನ ವಿಂಡೋಸ್ ಎದ್ದು ಬಂತು. 5600ಜಿಯ ಬೆಲೆ ಅವತ್ತು ನನಗೆ ಅರ್ಥವಾಯಿತು. ನಮ್ಮ ಊರುಗಳಲ್ಲಿ ವಾರಂಟಿಗೆ ಕೊಟ್ಟ ವಸ್ತು ಎಷ್ಟೋ ಸಲ ಬೆಂಗಳೂರಿಗೆ ಹೋಗಿ ಬರಬೇಕು. ಅಷ್ಟು ದಿನ ಕಾಲೇಜಿನ ಕೆಲಸ ನಿಲ್ಲಬಾರದು ಅಲ್ವಾ?

ನಾನು ಆಮೇಲೆ ಹೊಸ ಆರ್‌ಎಕ್ಸ್ 6600 ತಂದೆ. ಬಜೆಟ್ ಮೀರಿತು. ಆದರೆ ಕಾರ್ಡ್ ಬಗ್ಗೆ ನನಗೆ ಯಾವ ದೂರೂ ಇಲ್ಲ. 580 ಕುಡಿಯುವುದು 185 ವ್ಯಾಟ್, ಇದಕ್ಕೆ 132 ಸಾಕು. ಸೈಬರ್‌ಪಂಕ್ ಹೈ ಸೆಟ್ಟಿಂಗ್‌ನಲ್ಲಿ 60ರ ಹತ್ತಿರ ಓಡುತ್ತದೆ. ಆಗ ಅದೇ ಬೆಲೆಯ ಸುತ್ತ ಸಿಗುತ್ತಿದ್ದ ಎನ್‌ವಿಡಿಯಾದ ಆರ್‌ಟಿಎಕ್ಸ್ 3050 ಬಗ್ಗೆಯೂ ಯೋಚಿಸಿದ್ದೆ. ಡಿಎಲ್‌ಎಸ್‌ಎಸ್ (ಕಡಿಮೆ ರೆಸಲ್ಯೂಷನ್ ಚಿತ್ರವನ್ನು ಹಿಗ್ಗಿಸಿ ಫ್ರೇಮ್ ಹೆಚ್ಚಿಸುವ ಎನ್‌ವಿಡಿಯಾ ತಂತ್ರ) ಬೇಕು, ವಿಡಿಯೋ ಎಡಿಟಿಂಗ್ ಇದೆ ಅನ್ನುವವರು ಅದನ್ನು ತಗೊಳ್ಳಲಿ. ಬರೀ ಆಟಕ್ಕಾದರೆ 6600 ಒಂದು ಕೈ ಮೇಲೆ. ನಾಲ್ಕೇ ಕೋರ್‌ನ 12100ಎಫ್ ಇದಕ್ಕೆ ಅಡ್ಡಿಯಾಗುತ್ತದಾ ಅಂತ ಹೆದರಿದ್ದೆ. ನಾನು ಆಡುವ ಆಟಗಳಲ್ಲಿ ಹಾಗಾಗಲಿಲ್ಲ. ಹಿಂದೆ ಬ್ರೌಸರ್ ತುಂಬ ಟ್ಯಾಬ್ ಬಿಟ್ಟು ಆಡಿದಾಗ ಮಾತ್ರ ಅಲ್ಲಲ್ಲಿ ತಡವರಿಸುತ್ತದೆ. ಕೋಡ್ ಕಂಪೈಲ್ ಮಾಡುವ ಹುಡುಗನಿಗೆ ಆರು ಕೋರ್ ಇರುವುದೇ ಒಳ್ಳೆಯದು.

ಇಬ್ಬರೂ ರಾಜಿ ಮಾಡಿಕೊಳ್ಳದ ಒಂದು ವಸ್ತು ಎಸ್‌ಎಂಪಿಎಸ್, ಅಂದರೆ ಪಿಸಿಗೆ ಕರೆಂಟ್ ಹಂಚುವ ಪೆಟ್ಟಿಗೆ. 550 ವ್ಯಾಟ್, 80 ಪ್ಲಸ್ ಬ್ರಾಂಜ್ (ಕರೆಂಟ್ ಕಡಿಮೆ ಪೋಲು ಮಾಡುತ್ತದೆ ಎಂಬ ದರ್ಜೆ). ಕ್ಯಾಬಿನೆಟ್ ಜೊತೆ ಅಗ್ಗಕ್ಕೆ ಕೊಡುವ ಎಸ್‌ಎಂಪಿಎಸ್‌ನಲ್ಲಿ ಕಾರ್ಡ್‌ಗೆ ಬೇಕಾದ 8 ಪಿನ್ ಕೇಬಲ್ಲೇ ಎಷ್ಟೋ ಸಲ ಇರುವುದಿಲ್ಲ. ಮಳೆಗಾಲದ ಸಂಜೆ ನಮ್ಮಲ್ಲಿ ಕರೆಂಟ್ ಹೋಗಿ ಬಂದು ಮಾಡುವುದು ಎಲ್ಲರಿಗೂ ಗೊತ್ತು. ಮನೆಯ ಇನ್ವರ್ಟರ್ ಮೇಲೆ ಹುಡುಗನ ಪಿಸಿ ಪ್ರತಿ ಸಲ ರೀಸ್ಟಾರ್ಟ್ ಆಗುತ್ತಿತ್ತು. ಇನ್ವರ್ಟರ್ ಹಿಂದಿನ ಸ್ವಿಚ್ ಅನ್ನು ಯುಪಿಎಸ್ ಮೋಡ್‌ಗೆ ತಿರುಗಿಸಿದ ಮೇಲೆ ನಿಂತಿತು. ನಾನು 600 ವಿಎ ಯುಪಿಎಸ್ ಇಟ್ಟುಕೊಂಡಿದ್ದೇನೆ, ಅದು ಕೊಡಬಲ್ಲದ್ದು 360 ವ್ಯಾಟ್ ಅಷ್ಟೇ. ಆಟ ಸೇವ್ ಮಾಡಿ ಆಫ್ ಮಾಡಲು ಸಾಕು. ಎಸ್‌ಎಸ್‌ಡಿ ಇಬ್ಬರದ್ದೂ 500 ಜಿಬಿಯ ವೇಗದ ಎನ್‌ವಿಎಂಇ ಮಾದರಿ. ಅದರಲ್ಲಿ ಹೇಳುವಂಥದ್ದೇನಿಲ್ಲ.

ಮತ್ತೆ ಯಾರಾದರೂ ಕೇಳಿದರೆ ನಾನು ಹೇಳುವುದು ಹುಡುಗನ ದಾರಿಯನ್ನೇ: 5600ಜಿ, ಎರಡು ರ‍್ಯಾಮ್, ಒಳ್ಳೆಯ ಎಸ್‌ಎಂಪಿಎಸ್. ಹೆಚ್ಚು ದುಡ್ಡು ಒಟ್ಟಿಗೇ ಕೈಯಲ್ಲಿದ್ದು ಆಟವೇ ಮುಖ್ಯವಾದರೆ ಮಾತ್ರ 12100ಎಫ್ ಜೊತೆ ಹೊಸ ಕಾರ್ಡ್. ಅವನೀಗ 6600ಗೆ ದುಡ್ಡು ಕೂಡಿಡುತ್ತಿದ್ದಾನೆ. 5600ಜಿಯಲ್ಲಿ ಇರುವುದು ಪಿಸಿಐಇ 3.0, ಅಂದರೆ ಕಾರ್ಡ್ ಮತ್ತು ಪ್ರೊಸೆಸರ್ ನಡುವಿನ ದಾರಿಯ ಹಳೆಯ, ನಿಧಾನದ ಮಾದರಿ. ಆದ್ದರಿಂದ ನನ್ನಷ್ಟು ಫ್ರೇಮ್ ಬರಲಿಕ್ಕಿಲ್ಲ, ಆದರೂ ದೊಡ್ಡ ವ್ಯತ್ಯಾಸ ಆಗದು. 4 ಜಿಬಿಯ ಆರ್‌ಎಕ್ಸ್ 6500 ಎಕ್ಸ್‌ಟಿ ಅಗ್ಗ ಅಂತ ತರಬೇಡ ಎಂದು ಮಾತ್ರ ಹೇಳಿದ್ದೇನೆ. ಅದು ನಾಲ್ಕೇ ಲೇನ್‌ನ (ಡೇಟಾ ಓಡಾಡುವ ದಾರಿಯ) ಕಾರ್ಡ್, 3.0 ಬೋರ್ಡ್‌ನಲ್ಲಿ ತುಂಬ ಸೊರಗುತ್ತದೆ.